ಹದಿಹರೆಯದ ಕಾದಂಬರಿ: ಯಾರು ನೋಡುತ್ತಿದ್ದಾರೆ ಎಂದು ಮೊದಲು ಕೇಳೋಣ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ಹದಿಹರೆಯದವರು ಓದಬಹುದಾದ ಕಾದಂಬರಿಗಳನ್ನು ಪರಿಚಯಿಸುವ ಪುಟವೊಂದು ಶುರುವಾಗಿರುವುದು ಸಂತೋಷದ ಸಂಗತಿ. ಅಂಕ, ರ‍್ಯಾಂಕು, ಪ್ರವೇಶ ಪರೀಕ್ಷೆಗಳ ಸುದ್ದಿಯ ನಡುವೆ ಕಾದಂಬರಿಗೂ ಜಾಗ ಕೊಟ್ಟಿರುವುದಕ್ಕೆ ಮೊದಲು ಅಭಿನಂದನೆ ಸಲ್ಲಿಸುತ್ತೇನೆ. ಈಚೆಗೆ ಆ ಪುಟದಲ್ಲಿ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಗ್ಗೆ ಬಂದ ಟಿಪ್ಪಣಿಯನ್ನು ಓದಿದ ಮೇಲೆ ಈ ಪತ್ರ ಬರೆಯಲೇಬೇಕು ಎನ್ನಿಸಿತು. ಟಿಪ್ಪಣಿ ಮೂರು ಭಾಗಗಳಲ್ಲಿತ್ತು. ಪಾತ್ರಗಳು ಎಂಬಲ್ಲಿ ಸ್ವಾಮಿ ಮುಗ್ಧ, ಮಣಿ ಒರಟ, ರಾಜಂ ಶಿಸ್ತಿನವನು ಎಂದಿತ್ತು. ವಸ್ತು ಎಂಬಲ್ಲಿ ಬಾಲ್ಯ ಮತ್ತು ಗೆಳೆತನ ಎಂದಿತ್ತು. ತಂತ್ರ ಎಂಬಲ್ಲಿ ಹಾಸ್ಯ, ವ್ಯಂಗ್ಯ, ಸರಳ ಭಾಷೆ ಎಂದಿತ್ತು. ಇದರಲ್ಲಿ ತಪ್ಪೆನ್ನುವಂಥದ್ದು ಏನೂ ಇಲ್ಲ. ಆದರೆ ಪುಸ್ತಕವನ್ನು ಓದದೆಯೇ ಬರೆಯಬಹುದಾದ ಈ ಮಾತುಗಳನ್ನು ಓದಿದ ವಿದ್ಯಾರ್ಥಿಗೆ, ಇನ್ನು ಪುಸ್ತಕವನ್ನು ಓದಬೇಕಾದ ಅಗತ್ಯವೇ ಕಾಣುವುದಿಲ್ಲ ಎಂಬುದು ನನ್ನ ಕಳವಳ.

ನಾನು ಪದವಿಪೂರ್ವ ತರಗತಿಗಳಿಗೆ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಈಗ ಹಾಸನದ ನಮ್ಮ ಬಡಾವಣೆಯಲ್ಲಿ ಎಂಟನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಮಕ್ಕಳ ಜೊತೆ ಭಾನುವಾರ ಬೆಳಿಗ್ಗೆ ಕೂತು ಪುಸ್ತಕ ಓದುತ್ತೇನೆ. ಕೆಲಸದಲ್ಲಿದ್ದಷ್ಟು ವರ್ಷವೂ ‘ಪಾತ್ರಚಿತ್ರಣ ಮಾಡಿ’, ‘ಕಾದಂಬರಿಯ ಆಶಯವನ್ನು ವಿವರಿಸಿ’ ಎಂಬ ಪ್ರಶ್ನೆಗಳಿಗೆ ಮಕ್ಕಳು ಗೈಡಿನಿಂದ ಬಾಯಿಪಾಠ ಮಾಡಿ ಬರೆದ ಉತ್ತರಗಳನ್ನು ತಿದ್ದಿದ್ದೇನೆ. ಆ ಉತ್ತರಪತ್ರಿಕೆಗಳಲ್ಲಿ ಹತ್ತಾರು ಮಕ್ಕಳು ಒಂದೇ ಅಕ್ಷರವನ್ನೂ ಬದಲಿಸದೆ ಒಂದೇ ವಾಕ್ಯವನ್ನು ಬರೆದಿರುತ್ತಿದ್ದರು. ಬಾಲ್ಯವನ್ನು ದಾಟಿ ಪ್ರಾಯಕ್ಕೆ ಕಾಲಿಡುವವರ ಕಥೆಯನ್ನು, ಅದೇ ದಾಟಿನಲ್ಲಿರುವ ಮಕ್ಕಳ ಮುಂದೆ ಇಟ್ಟು, ಅವರ ಬಾಯಿಂದ ಅವರದ್ದಲ್ಲದ ಮಾತನ್ನು ಹೊರಡಿಸುವುದಕ್ಕಿಂತ ದೊಡ್ಡ ನಷ್ಟ ಸಾಹಿತ್ಯದ ತರಗತಿಯಲ್ಲಿ ಇನ್ನೊಂದಿಲ್ಲ.

ನಾನು ಹೇಳಬೇಕಾಗಿರುವುದು ಇಷ್ಟೇ. ಇಂಥ ಕಾದಂಬರಿಗಳಲ್ಲಿ ಪಾತ್ರ, ವಸ್ತು, ತಂತ್ರ ಎಂಬ ಮೂರೂ ಒಂದೇ ಬೇರಿನಿಂದ ಹೊರಡುತ್ತವೆ. ನಡೆದದ್ದನ್ನು ಯಾರು ನೋಡುತ್ತಿದ್ದಾರೆ, ಅದನ್ನು ಯಾರು ಹೇಳುತ್ತಿದ್ದಾರೆ, ಹೇಳುವಾಗ ಅವರಿಗೆ ಎಷ್ಟು ವಯಸ್ಸು, ನೋಡಿದವರಿಗೆ ತಿಳಿಯದ ಯಾವ ಸಂಗತಿ ಹೇಳುವವರಿಗೆ ತಿಳಿದಿದೆ ಎಂದು ಮೊದಲು ಕೇಳಿಕೊಂಡರೆ, ಉಳಿದ ಮೂರು ತಲೆಬರಹಗಳ ಕೆಳಗೆ ಬರೆಯಬೇಕಾದ್ದು ತಾನಾಗಿಯೇ, ಅದೂ ಮಗುವಿನ ಸ್ವಂತ ಮಾತಿನಲ್ಲಿಯೇ ಹೊರಬರುತ್ತದೆ. ನಮ್ಮ ಪ್ರಶ್ನೆಪತ್ರಿಕೆಗಳು ಕೇಳದೆ ಬಿಡುವುದು ಈ ಒಂದು ಪ್ರಶ್ನೆಯನ್ನೇ.

ತಾವು ಪರಿಚಯಿಸಿದ ಪುಸ್ತಕವನ್ನೇ ತೆಗೆದುಕೊಳ್ಳೋಣ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದದ್ದು 1935ರಲ್ಲಿ. ನಮ್ಮ ಕಡೆಯ ಬಹುಪಾಲು ಜನರಿಗೆ ಸ್ವಾಮಿ ಪರಿಚಯವಾದದ್ದು ಪುಸ್ತಕದಿಂದಲ್ಲ, ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಅವರು ದೂರದರ್ಶನಕ್ಕಾಗಿ ಮಾಡಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ. ಅದರ ಚಿತ್ರೀಕರಣ ನಡೆದ ಆಗುಂಬೆ ಶೃಂಗೇರಿ, ಕೊಪ್ಪದವರಿಗೆ ಮಗ್ಗುಲ ಊರು. ಹಾಗಾಗಿ ಮಾಲ್ಗುಡಿ ಎಂದರೆ ಮಲೆನಾಡಿನ ಹೆಂಚಿನ ಮನೆಗಳು, ಜಗುಲಿ, ಮಳೆ ಎಂಬ ಪ್ರೀತಿ ನಮ್ಮಲ್ಲಿ ಬೇರೂರಿದೆ. ಆ ಪ್ರೀತಿ ನನಗೂ ಇದೆ. ಆದರೆ ಅದರ ಮಂಪರಿನಲ್ಲಿ ಈ ಕಾದಂಬರಿ ಭಯದ ಬಗ್ಗೆ, ಅಧಿಕಾರದ ಬಗ್ಗೆ ಎಷ್ಟು ಹೇಳುತ್ತದೆ ಎಂಬುದನ್ನು ಮರೆಯಬಾರದು.

ರಜೆಯ ದಿನ ಅಪ್ಪ ಮಗನನ್ನು ಕೂರಿಸಿಕೊಂಡು ಒಂದು ಲೆಕ್ಕ ಕೊಡುತ್ತಾನೆ. ರಾಮನ ಬಳಿ ಹತ್ತು ಮಾವಿನಹಣ್ಣುಗಳಿವೆ, ಅವುಗಳ ಬೆಲೆ ಹದಿನೈದು ಆಣೆ. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು, ಅವನು ಎಷ್ಟು ಕೊಡಬೇಕು? ಸ್ವಾಮಿಗೆ ಮೊದಲು ಬೇಕಾಗಿರುವುದು ಆ ಹಣ್ಣುಗಳು ಮಾಗಿದ್ದವೇ ಇಲ್ಲವೇ ಎಂಬ ಮಾಹಿತಿ. ಹಣ್ಣಿನ ಬೆಲೆ ಅದರ ಮಾಗುವಿಕೆಯ ಮೇಲೆ ನಿಂತಿದೆ ಎಂಬುದು ಸಂತೆಗೆ ಹೋಗಿಬಂದ ಯಾರಿಗೂ ಗೊತ್ತಿರುವ ವಿಷಯ, ಆದ್ದರಿಂದ ಹುಡುಗನ ಪ್ರಶ್ನೆಯಲ್ಲಿ ದಡ್ಡತನವೇನೂ ಇಲ್ಲ. ಅಪ್ಪನಿಗೆ ಅದು ಉದ್ಧಟತನವಾಗಿ ಕಾಣುತ್ತದೆ, ಮಗನ ಕಿವಿ ಹಿಂಡಿಸಿಕೊಳ್ಳುತ್ತದೆ. ಕೊನೆಗೆ ಸ್ವಾಮಿ ಆರಾಣೆ ಎಂಬ ಸರಿಯಾದ ಉತ್ತರ ಹೇಳಿ, ಹೇಳಿದ ಕೂಡಲೇ ಅತ್ತುಬಿಡುತ್ತಾನೆ. ಗೈಡುಗಳು ಇದನ್ನು ‘ಹಾಸ್ಯ ಪ್ರಸಂಗ’ ಎಂಬ ಶೀರ್ಷಿಕೆಯಲ್ಲಿ ಕೊಡುತ್ತವೆ. ನಗು ಬರುವುದು ನಿಜ. ಆದರೆ ನಗುವವರು ಯಾರು? ಲೆಕ್ಕವನ್ನೂ ಮಾವಿನಹಣ್ಣನ್ನೂ ಬೇರೆಬೇರೆಯಾಗಿ ಇಡಲು ಕಲಿತಿರುವ ದೊಡ್ಡ ಓದುಗರು ನಾವು. ಕೋಣೆಯೊಳಗೆ ಕೂತ ಹುಡುಗ ನಗುತ್ತಿಲ್ಲ. ಅವನ ಎತ್ತರದಲ್ಲಿ ನಿಂತು ನೋಡಿ, ಅವನಿಗಿಂತ ಒಂದಿಷ್ಟು ಹೆಚ್ಚು ತಿಳಿದ ದನಿಯಲ್ಲಿ ಹೇಳುವ ನಿರೂಪಕ ಇರುವುದರಿಂದಲೇ ನಮಗೆ ನಗುವೂ ಅವನಿಗೆ ಅಳುವೂ ಒಂದೇ ಪುಟದಲ್ಲಿ ಸಿಗುತ್ತವೆ. ತಂತ್ರ ಎನ್ನುವುದಾದರೆ ಇದನ್ನು ಎನ್ನಬೇಕು. ಬರಿದೇ ‘ಹಾಸ್ಯ’ ಎಂದರೆ ಹುಡುಗನ ಕಣ್ಣೀರು ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಟೋಪಿಯ ಪ್ರಸಂಗ ಇದಕ್ಕಿಂತಲೂ ಆಳವಾದದ್ದು. ಮುಂಬಯಿಯ ಕಾಂಗ್ರೆಸ್ ನಾಯಕರೊಬ್ಬರ ಬಂಧನವನ್ನು ಪ್ರತಿಭಟಿಸಲು ಸರಯೂ ನದಿಯ ದಂಡೆಯಲ್ಲಿ ಸಭೆ ಸೇರುತ್ತದೆ. ಕಾದಂಬರಿ ಆ ಸಭೆಗೆ ಕೊಡುವ ದಿನಾಂಕ 1930ರ ಆಗಸ್ಟ್ 15. ಸ್ವಾತಂತ್ರ್ಯಕ್ಕೆ ಹನ್ನೆರಡು ವರ್ಷ ಮೊದಲು ಅಚ್ಚಾದ ಪುಸ್ತಕದಲ್ಲಿ ಆ ತಾರೀಖು ಬಂದಿರುವುದು ಕಾಕತಾಳೀಯವೇ ಇರಬೇಕು, ಆದರೂ ಪ್ರತಿ ಸಲ ಓದುವಾಗ ಮೈ ಜುಮ್ಮೆನ್ನುತ್ತದೆ. ವಿದೇಶಿ ಬಟ್ಟೆಯ ಬೆಂಕಿ ಉರಿಯುವಾಗ ಸ್ವಾಮಿಯ ಟೋಪಿಯೂ ವಿದೇಶಿಯದ್ದೆಂಬ ಮಾತು ಬರುತ್ತದೆ, ಅವನು ನಾಚಿಕೆಯಿಂದ, ದೇಶವನ್ನು ಉಳಿಸುವ ಉತ್ಸಾಹದಿಂದ ಅದನ್ನು ಬೆಂಕಿಗೆ ಹಾಕುತ್ತಾನೆ. ಮರುದಿನ ಅಪ್ಪನಿಂದ ತಿಳಿಯುವುದು, ಅದು ಖಾದಿ ಅಂಗಡಿಯಿಂದಲೇ ತಂದ ಟೋಪಿ ಎಂದು. ದೇಶಭಕ್ತಿಯ ಆವೇಶದಲ್ಲಿ ಹುಡುಗ ಸುಟ್ಟದ್ದು ಸ್ವದೇಶಿ ಬಟ್ಟೆಯನ್ನು. ನಾರಾಯಣರು ಇಲ್ಲಿ ಚಳವಳಿಯನ್ನು ಹಾಸ್ಯ ಮಾಡುತ್ತಿಲ್ಲ; ದೊಡ್ಡವರ ಜಗತ್ತಿನ ಮಾತು ಮಕ್ಕಳ ಕಿವಿಗೆ ಬೀಳುವಾಗ ಅದರ ಅರ್ಥ ಹಿಂದೆ ಉಳಿದು ಬಿಸಿ ಮಾತ್ರ ಮುಂದೆ ಬರುತ್ತದೆ ಎಂಬುದನ್ನು ತೋರಿಸುತ್ತಿದ್ದಾರೆ.

ಅದೇ ದಿನಗಳಲ್ಲಿ ಗುಂಪಿನ ಮೇಲೆ ಲಾಠಿ ಬೀಸಲು ಆಜ್ಞೆ ಕೊಡುವ ಪೊಲೀಸ್ ಅಧಿಕಾರಿ ಯಾರೆಂದು ನೋಡಿದರೆ, ಸ್ವಾಮಿ ಆರಾಧಿಸುವ ಗೆಳೆಯ ರಾಜಂನ ತಂದೆ. ಸ್ವಾಮಿಗೆ ದುಃಖವಾಗುವುದು ಲಾಠಿ ಪ್ರಹಾರಕ್ಕಷ್ಟೇ ಅಲ್ಲ, ಅದನ್ನು ಮಾಡಿಸಿದವರು ರಾಜಂನ ಅಪ್ಪನೇ ಆಗಬೇಕಾಯಿತಲ್ಲ ಎಂಬುದಕ್ಕೆ. ಗೆಳೆತನ ಎಂಬ ವಸ್ತುವನ್ನು ಇದರಿಂದ ಬೇರ್ಪಡಿಸಿ ಹೇಳುವುದು ಹೇಗೆ? ರಾಜಂನ ಇಸ್ತ್ರಿ ಮಾಡಿದ ಬಟ್ಟೆ, ಇಂಗ್ಲಿಷು, ಬಂಗಲೆ, ಮಾತಿನ ಗತ್ತು ಇವೆಲ್ಲ ಬರುವುದು ಅದೇ ಸರ್ಕಾರಿ ಅಧಿಕಾರದಿಂದ. ಸ್ವಾಮಿಯ ಹಳೆಯ ಗೆಳೆಯರು ಅವನನ್ನು ರಾಜಂನ ಬಾಲ ಎಂದು ಹಂಗಿಸುವಾಗಲೂ ಮಕ್ಕಳ ಜಗಳದೊಳಗೆ ಆ ಊರಿನ ಮೇಲುಕೀಳು ಇಣುಕುತ್ತದೆ. ರಾಜಂ ಶಿಸ್ತಿನವನು ಎಂಬ ಒಂದು ವಿಶೇಷಣದಲ್ಲಿ ಇದಾವುದೂ ಹಿಡಿಸುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಮಕ್ಕಳಿಗೆ ತೋರಿಸಿಕೊಡಬೇಕು. ಸ್ವಾಮಿ ಶಾಲೆ ಬಿಟ್ಟು ಓಡುವುದು ಒಂದು ಸಲವಲ್ಲ, ಎರಡು ಸಲ. ಮೊದಲು ಆಲ್ಬರ್ಟ್ ಮಿಷನ್ ಶಾಲೆಯಲ್ಲಿ, ಅದೇ ಬಂಧನವನ್ನು ವಿರೋಧಿಸಿ ನಡೆದ ಮುಷ್ಕರದ ಮರುದಿನ, ಮುಖ್ಯೋಪಾಧ್ಯಾಯರ ವಿಚಾರಣೆಯ ನಡುವೆ; ಆಮೇಲೆ ಬೋರ್ಡ್ ಹೈಸ್ಕೂಲಿನಲ್ಲಿ, ಡ್ರಿಲ್ ತಪ್ಪಿಸಿ ಕ್ರಿಕೆಟ್ ಅಭ್ಯಾಸಕ್ಕೆ ಹೋದದ್ದಕ್ಕೆ ಬೆತ್ತದೇಟು ಬೀಳುವ ಹೊತ್ತಿನಲ್ಲಿ. ಎರಡನೆಯ ಸಲ ಅವನು ಬೆತ್ತವನ್ನೇ ಕಿತ್ತುಕೊಂಡು ಕಿಟಕಿಯಾಚೆ ಎಸೆಯುತ್ತಾನೆ. ಒಂದೇ ಬಗೆಯ ಘಟನೆ ಎರಡು ಸಲ ಬಂದಾಗ ಅವುಗಳ ನಡುವಿನ ವ್ಯತ್ಯಾಸದಲ್ಲಿ ಪಾತ್ರ ಬೆಳೆದಿರುವುದು ಕಾಣುತ್ತದೆ. ಮೊದಲ ಓಟಕ್ಕೆ ಗುಂಪಿನ ಬಲವಿತ್ತು, ದೇಶದ ಹೆಸರಿತ್ತು. ಎರಡನೆಯದರಲ್ಲಿ ಅವನು ಒಬ್ಬಂಟಿ, ಅದರ ಫಲವನ್ನೂ ಒಬ್ಬನೇ ಉಣ್ಣಬೇಕು. ಅಪ್ಪನ ಭಯಕ್ಕೆ ಊರು ಬಿಟ್ಟು ಹೊರಟು, ಕಾಡುದಾರಿಯಲ್ಲಿ ಕತ್ತಲೆಯಲ್ಲಿ ದಿಕ್ಕು ತಪ್ಪಿ, ಹೇಗೋ ಮನೆಗೆ ಮರಳುತ್ತಾನೆ; ಆದರೆ ಕ್ರಿಕೆಟ್ ಪಂದ್ಯದ ಹೊತ್ತಿಗೆ ಅವನಿಗೆ ಮೈದಾನದಲ್ಲಿ ಇರಲಾಗಿರುವುದಿಲ್ಲ, ಯಾವ ಪಂದ್ಯಕ್ಕಾಗಿ ಬೆತ್ತ ಎಸೆದನೋ ಆ ಪಂದ್ಯವೇ ತಪ್ಪಿಹೋಗಿರುತ್ತದೆ. ತಂಡದ ನಾಯಕನಾದ ರಾಜಂ ಮಾತು ಬಿಡುತ್ತಾನೆ.

ಕೊನೆಯ ಅಧ್ಯಾಯದ ಮೇಲೆ ನಮ್ಮ ಬಳಗದಲ್ಲಿ ಒಂದು ಇಡೀ ಬೆಳಿಗ್ಗೆ ಚರ್ಚೆ ನಡೆಯಿತು. ರಾಜಂನ ತಂದೆಗೆ ವರ್ಗವಾಗಿದೆ. ರೈಲು ನಿಲ್ದಾಣಕ್ಕೆ ಸ್ವಾಮಿ ಆಂಡರ್ಸನ್ನನ ಕಥೆಗಳ ಪುಸ್ತಕವನ್ನು ಉಡುಗೊರೆಯಾಗಿ ಹಿಡಿದು ಬರುತ್ತಾನೆ. ಮಾತಾಡಲು ಧೈರ್ಯ ಸಾಲುವುದಿಲ್ಲ. ರೈಲು ಹೊರಟ ಮೇಲೆ ಮಣಿಯ ನೆರವಿನಿಂದ ಪುಸ್ತಕ ಹೇಗೋ ರಾಜಂನ ಕೈ ಸೇರುತ್ತದೆ. ರಾಜಂ ಏನೋ ಹೇಳಿದಂತಾಗುತ್ತದೆ, ಸದ್ದಿನಲ್ಲಿ ಕೇಳುವುದಿಲ್ಲ. ಅವನು ಪತ್ರ ಬರೆಯುತ್ತಾನೆಯೇ ಎಂದು ಸ್ವಾಮಿ ಕೇಳುತ್ತಾನೆ. ಖಂಡಿತ ಬರೆಯುತ್ತಾನೆ, ವಿಳಾಸವೂ ಅವನಿಗೆ ಗೊತ್ತು ಎಂಬ ಅರ್ಥದಲ್ಲಿ ಮಣಿ ಉತ್ತರಿಸುತ್ತಾನೆ. ಸ್ವಾಮಿ ತಲೆಯೆತ್ತಿ ಮಣಿಯ ಮುಖವನ್ನು ಹುಡುಕುತ್ತಾನೆ. ಅವನು ನಿಜ ಹೇಳುತ್ತಿದ್ದಾನೋ ಇಲ್ಲವೋ ತಿಳಿಯುವುದಿಲ್ಲ. ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ.

ಮಣಿ ಸುಳ್ಳು ಹೇಳಿದನೇ? ಹುಡುಗರಲ್ಲಿ ಹೆಚ್ಚಿನವರು ಹೌದು ಎಂದರು. ಗೆಳೆಯನಿಗೆ ನೋವಾಗಬಾರದೆಂದು ಹೇಳಿದ ಸುಳ್ಳು, ಆದ್ದರಿಂದ ಅದು ತಪ್ಪಲ್ಲ ಎಂದು ಒಬ್ಬ ವಾದಿಸಿದ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಅವಳ ತಂದೆಯದ್ದೂ ವರ್ಗಾವಣೆಯ ನೌಕರಿಯೇ, ಬಹಳ ಹೊತ್ತು ಸುಮ್ಮನಿದ್ದು, “ಮಣಿ ಸುಳ್ಳು ಹೇಳಿಲ್ಲ ಸಾರ್, ಅವನ್ಗೂ ಗೊತ್ತಿಲ್ಲ ಅಷ್ಟೇ. ಸ್ವಾಮಿ ಅವನ ಮುಖ ನೋಡಿದ್ದೇ ಮುಖ್ಯ. ಮೊದ್ಲೆಲ್ಲ ಅವನು ಯಾರ ಮುಖಾನೂ ಹಂಗೆ ನೋಡ್ತಿರ್ಲಿಲ್ಲ” ಎಂದಳು. ಆಮೇಲೆ ಅವಳೇ ಪುಟ ತಿರುವಿ, ಹಿಂದೆ ಮಣಿಯ ಕೋಪ, ಮಣಿಯ ಬಡಾಯಿ, ಮಣಿಯ ಪ್ರೀತಿ ಎಲ್ಲವೂ ಸ್ವಾಮಿಗೆ ನೋಡಿದೊಡನೆ ತಿಳಿಯುತ್ತಿದ್ದ ಜಾಗಗಳನ್ನು ತೋರಿಸಿದಳು. ಇನ್ನೊಬ್ಬರ ಮನಸ್ಸು ತನಗೆ ಕಾಣದು ಎಂಬುದು ತಿಳಿಯುವ ಗಳಿಗೆಯೇ ಆ ಹುಡುಗ ದೊಡ್ಡವನಾಗುವ ಗಳಿಗೆ ಎಂದು ನಾನು ಹೇಳಿಕೊಡಬೇಕೆಂದಿದ್ದೆ, ಅವಳು ಅದನ್ನು ನನಗಿಂತ ಚೆನ್ನಾಗಿ ಹೇಳಿ ಮುಗಿಸಿದ್ದಳು. ‘ಸ್ವಾಮಿಯ ಪಾತ್ರಚಿತ್ರಣ ಮಾಡಿ’ ಎಂಬ ಪ್ರಶ್ನೆಗೆ ಆ ಮಾತು ಎಂದಿಗೂ ಉತ್ತರವಾಗಿ ಬರುತ್ತಿರಲಿಲ್ಲ.

ಹೇಳುವವರ ವಯಸ್ಸು ಬದಲಾದರೆ ಕಾದಂಬರಿಯ ರೂಪವೇ ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದ ಎರಡು ಪುಸ್ತಕಗಳನ್ನು ಜೋಡಿಯಾಗಿ ಓದಿಸಬಹುದು. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ 1960ರದ್ದು. ಅಲಬಾಮ ಪ್ರಾಂತದ ಸಣ್ಣ ಊರಿನಲ್ಲಿ ಸ್ಕೌಟ್ ಎಂಬ ಪುಟ್ಟ ಹುಡುಗಿ ಕಂಡದ್ದನ್ನು, ಬೆಳೆದು ದೊಡ್ಡವಳಾದ ಅದೇ ಸ್ಕೌಟ್ ಹೇಳುತ್ತಾಳೆ. ನಿರಪರಾಧಿಯಾದ ಕಪ್ಪು ಮನುಷ್ಯನೊಬ್ಬನನ್ನು ನ್ಯಾಯಾಲಯ ತಪ್ಪಿತಸ್ಥನೆನ್ನುವುದನ್ನು ಮಕ್ಕಳು ಕಪ್ಪು ಜನರಿಗಾಗಿ ಇದ್ದ ಮೇಲಿನ ಅಟ್ಟಣಿಗೆಯಲ್ಲಿ ಕೂತು ನೋಡುತ್ತಾರೆ. ಎಲ್ಲಿ ಕೂತು ನೋಡಿದರು ಎಂಬುದು ಇಲ್ಲಿ ಕಥೆಯ ಭಾಗ. ಕೊನೆಯಲ್ಲಿ, ವರ್ಷಗಟ್ಟಲೆ ಗುಮ್ಮನಂತೆ ಹೆದರಿದ್ದ ನೆರೆಮನೆಯ ಬೂ ರ‍್ಯಾಡ್ಲಿಯನ್ನು ಮನೆ ಮುಟ್ಟಿಸಿ, ಸ್ಕೌಟ್ ಅವನ ಜಗುಲಿಯ ಮೇಲೆ ನಿಂತು ತನ್ನದೇ ಬೀದಿಯನ್ನು ಅವನ ಕಡೆಯಿಂದ ನೋಡುತ್ತಾಳೆ. ಹೇಳುವವಳು ಹಿರಿಯಳಾದ್ದರಿಂದ ಈ ಕಥೆಗೆ ಹಿಂತಿರುಗಿ ನೋಡುವವರ ನಿಧಾನವಿದೆ.

ಎಸ್.ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ಗೆ ಆ ನಿಧಾನವಿಲ್ಲ. 1967ರಲ್ಲಿ ಅದು ಬಂದಾಗ ಲೇಖಕಿ ಸ್ವತಃ ಹದಿಹರೆಯ ದಾಟಿರಲಿಲ್ಲ. ಹದಿನಾಲ್ಕರ ಪೋನಿಬಾಯ್ ತಂದೆತಾಯಿಯನ್ನು ಅಪಘಾತದಲ್ಲಿ ಕಳೆದುಕೊಂಡು ಅಣ್ಣಂದಿರ ಜೊತೆ ಇರುವವನು. ಬಡ ಹುಡುಗರ ಗುಂಪಿಗೂ ಸಿರಿವಂತ ಹುಡುಗರ ಗುಂಪಿಗೂ ನಡೆಯುವ ಹೊಡೆದಾಟಗಳ ನಡುವೆ ಆಪ್ತ ಗೆಳೆಯರನ್ನೂ ಕಳೆದುಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಅವನಿಗೆ ಇಂಗ್ಲಿಷ್ ಮೇಷ್ಟರು ಒಂದು ಪ್ರಬಂಧ ಬರೆದು ತರಲು ಹೇಳುತ್ತಾರೆ. ಕಾದಂಬರಿ ಮುಗಿಯುವಲ್ಲಿ ಅವನು ಬರೆಯಲು ಕೂತು ಬರೆಯುವ ಮೊದಲ ವಾಕ್ಯ, ನಾವು ಆರಂಭದಲ್ಲಿ ಓದಿದ ಅದೇ ವಾಕ್ಯ. ಅಂದರೆ ನಾವು ಇಷ್ಟು ಹೊತ್ತು ಓದಿದ್ದು ಆ ಪ್ರಬಂಧವನ್ನೇ. ಇದನ್ನು ‘ವೃತ್ತಾಕಾರದ ರಚನೆ’ ಎಂದು ಬರೆದರೆ ಅಂಕ ಸಿಗಬಹುದು. ಆದರೆ ಬರೆಯಲು ಕೂತದ್ದರಿಂದಲೇ ಆ ಹುಡುಗ ದುಃಖವನ್ನು ಹೊತ್ತು ನಡೆಯಲು ಶಕ್ತನಾದ ಎಂಬುದು ಆ ರಚನೆಯ ಹೊರತು ಬೇರೆಲ್ಲೂ ಹೇಳಿಲ್ಲ. ಪಿಯುಸಿಯ ಮಕ್ಕಳಿಗೆ ಇದು ತಟ್ಟನೆ ಹಿಡಿಸುತ್ತದೆ, ಏಕೆಂದರೆ ಅವರೂ ಪ್ರಬಂಧ ಬರೆಯುವವರೇ.

ಹಾಗೆಂದು ನಾವು ಹೊರಗಿನ ಪುಸ್ತಕಗಳಿಗೇ ಕಾಯಬೇಕಿಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ವಿಧವೆಯ ಶೋಷಣೆಯ ಕಥೆ ಎಂದು ಪಾಠ ಮಾಡುತ್ತೇವೆ, ಅದು ಹೌದು. ಆದರೆ ವೇದ ಕಲಿಯಲು ಬಂದ ಎಳೆಯ ಮಾಣಿಯ ಕಣ್ಣಿನಿಂದ ಯಮುನಕ್ಕನ ಬಸಿರು, ಊರಿನವರ ಪಿಸುಮಾತು, ಬದುಕಿರುವವಳಿಗೇ ಶ್ರಾದ್ಧ ಮಾಡುವ ಕ್ರೌರ್ಯ ಅರ್ಧ ತಿಳಿದೂ ಅರ್ಧ ತಿಳಿಯದೆಯೂ ಕಾಣುವುದರಿಂದ ಅದರ ಭಾರ ಹೆಚ್ಚಾಗಿದೆ. ತನ್ನನ್ನು ಅಕ್ಕನಂತೆ ನೋಡಿಕೊಂಡವಳನ್ನು ಊರು ಹೊರಗಿಡುವಾಗ ಆ ಹುಡುಗ ಏನು ಮಾಡಬಲ್ಲ ಎಂಬ ಪ್ರಶ್ನೆಯನ್ನು ಹದಿನಾರರ ಓದುಗರ ಮುಂದೆ ಇಟ್ಟು ನೋಡಿ.

ನಮ್ಮ ಜಿಲ್ಲೆಯವರೇ ಬರೆದ ‘ಗೃಹಭಂಗ’ವನ್ನು ನಂಜಮ್ಮನ ಕಾದಂಬರಿಯೆಂದು ಓದುವುದು ವಾಡಿಕೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಎಳವೆಯಲ್ಲಿಯೇ ಪ್ಲೇಗಿನಿಂದ ಮನೆಯವರನ್ನು ಕಳೆದುಕೊಂಡ ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ಈ ಕಾದಂಬರಿಯಲ್ಲಿ ನಂಜಮ್ಮನ ಮಕ್ಕಳಾದ ಪಾರ್ವತಿಯೂ ರಾಮಣ್ಣನೂ ಅದೇ ರೋಗಕ್ಕೆ ತುತ್ತಾಗುತ್ತಾರೆ, ಮುಂದೆ ತಾಯಿಯೂ ಹೋಗುತ್ತಾಳೆ, ಉಳಿದ ಕಿರಿಯ ಮಗ ವಿಶ್ವ ಊರಿನ ಜಂಗಮ ಮಹಾದೇವಯ್ಯನವರ ಜೊತೆ ಊರು ಬಿಡುತ್ತಾನೆ. ಬೆಳೆಯುವ ಮಕ್ಕಳ ಕಥೆಗಳು ಸಾಮಾನ್ಯವಾಗಿ ಮಗು ಬೆಳೆದೇ ಬೆಳೆಯುತ್ತದೆ ಎಂದು ನಂಬಿ ಹೊರಡುತ್ತವೆ. ಇಲ್ಲಿ ಆ ನಂಬಿಕೆಗೇ ಜಾಗವಿಲ್ಲ. ವಿಶ್ವನ ಕಡೆಯಿಂದ ಹಿಂದಕ್ಕೆ ಓದುತ್ತ ಹೋದರೆ ಲೆಕ್ಕ ಬರೆದು ಸಂಸಾರ ತೂಗಿಸಿದ ತಾಯಿಯ ಛಲ ಬೇರೆಯೇ ಆಗಿ ಕಾಣುತ್ತದೆ.

ಚಿಕ್ಕಮಗಳೂರಿನ ಓದುಗರಿಗೆ ‘ಕರ್ವಾಲೊ’ವನ್ನು ನಾನು ಪರಿಚಯಿಸಬೇಕಾಗಿಲ್ಲ. 1980ರಲ್ಲಿ ಬಂದ ತೇಜಸ್ವಿಯವರ ಆ ಪುಸ್ತಕ ಮೂಡಿಗೆರೆಯ ಮಣ್ಣಿನದ್ದು. ‘ಮಂದಣ್ಣ ಮುಗ್ಧ, ಪ್ರಕೃತಿಪ್ರಿಯ’ ಎಂಬ ಸಿದ್ಧ ಉತ್ತರವನ್ನು ನಾನು ಬಹಳ ಕಡೆ ಓದಿದ್ದೇನೆ. ಮಂದಣ್ಣ ಆರಂಭದಲ್ಲಿ ಹೇಗಿದ್ದನೋ ಕೊನೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಇದ್ದಾನೆ. ಜೇನಿನ ಹಿಂದೆ ಅಲೆಯುವ, ಮದುವೆಯ ಕನಸಿನ ಹಳ್ಳಿಯ ಹುಡುಗ. ಬೆಳೆಯುವವನು ಕಥೆ ಹೇಳುವ ಕೃಷಿಕ. ಯಾರನ್ನು ತಾನು ಕೆಲಸಕ್ಕೆ ಬಾರದವನೆಂದುಕೊಂಡಿದ್ದನೋ ಆ ಹುಡುಗನಲ್ಲಿ ವಿಜ್ಞಾನಿಯೊಬ್ಬರು ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ ಎಂಬ ಅಚ್ಚರಿಯಿಂದ ಅವನ ನೋಟ ನಿಧಾನವಾಗಿ ತಿದ್ದಿಕೊಳ್ಳುತ್ತದೆ, ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕ ಮೇಲೆ ಅದು ಇನ್ನೂ ಹಿಗ್ಗುತ್ತದೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದು ತಲೆ ತಗ್ಗಿಸಿ ಕೂರುವ, ಆದರೆ ಹಕ್ಕಿಯ ಗೂಡನ್ನೋ ಮೋಟಾರಿನ ಸದ್ದನ್ನೋ ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲ ಹುಡುಗರು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರು ಈ ಕಾದಂಬರಿಯನ್ನು ಮಂದಣ್ಣನ ಕಡೆಯಿಂದ ಓದುತ್ತಾರೆ, ಮೇಷ್ಟರುಗಳಾದ ನಾವು ನಿರೂಪಕನ ಕಡೆಯಿಂದ ಓದಬೇಕು.

ಕಾದಂಬರಿಯಲ್ಲದಿದ್ದರೂ ಒಂದು ಕಥೆಯನ್ನು ಇಲ್ಲಿ ಸೇರಿಸಲೇಬೇಕು. 2025ರಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಬಳಗದ ಮಕ್ಕಳು ಆ ಕಥೆಗಳನ್ನು ಕೇಳಿ ತರಿಸಿಕೊಂಡರು. ‘ಎದೆಯ ಹಣತೆ’ಯಲ್ಲಿ ಗಂಡನಿಂದಲೂ ತವರಿನಿಂದಲೂ ಕೈಬಿಟ್ಟುಹೋದ ಮೆಹರುನ್ ಸಾಯಲು ಹೊರಟಾಗ ತಡೆಯುವವಳು ಅವಳ ಹಿರಿಯ ಮಗಳು ಸಲ್ಮಾ. ದೊಡ್ಡವರ್ಯಾರೂ ಹೇಳದ ಮಾತನ್ನು ಆ ಹುಡುಗಿ ತಾಯಿಗೆ ಹೇಳಬೇಕಾಗುತ್ತದೆ. ಕಥೆ ಮೆಹರುನ್‌ಳದ್ದು, ನಿಜ. ಆದರೆ ನಮ್ಮ ಹೆಣ್ಣುಮಕ್ಕಳು ಅದನ್ನು ಸಲ್ಮಾಳ ಕಥೆಯಾಗಿ ಓದಿದರು. ಆ ರಾತ್ರಿಯ ಮರುದಿನ ಅವಳು ಶಾಲೆಗೆ ಹೋದಳೇ, ಹೋಗಿದ್ದರೆ ಯಾರ ಹತ್ತಿರ ಏನು ಹೇಳಿಕೊಂಡಳು ಎಂದು ಕೇಳಿದರು. ಬಾಲ್ಯ ಎಲ್ಲರಿಗೂ ಒಂದೇ ವೇಗದಲ್ಲಿ ಮುಗಿಯುವುದಿಲ್ಲ, ಹೆಣ್ಣುಮಕ್ಕಳಿಗೆ ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ ಎಂಬ ಅರಿವು ಆ ಪ್ರಶ್ನೆಯ ಹಿಂದೆ ಇತ್ತು.

ಇಷ್ಟೆಲ್ಲ ಇದ್ದರೂ ಹದಿಮೂರರಿಂದ ಹದಿನೆಂಟರ ಮಕ್ಕಳನ್ನೇ ಓದುಗರೆಂದು ಎದುರಿಗಿಟ್ಟುಕೊಂಡು ಬರೆದ ಕನ್ನಡ ಕಾದಂಬರಿಗಳು ನಮ್ಮಲ್ಲಿ ತೀರ ಕಡಿಮೆ. ಎಷ್ಟೋ ಗ್ರಂಥಾಲಯಗಳಲ್ಲಿ ಮಕ್ಕಳ ಕಥೆಗಳ ಕಪಾಟು ಮುಗಿದ ಕೂಡಲೇ ದೊಡ್ಡವರ ಕಾದಂಬರಿಗಳ ಕಪಾಟು ಬರುತ್ತದೆ, ನಡುವೆ ಏನೂ ಇಲ್ಲ. ಪಂಚತಂತ್ರಕ್ಕೆ ದೊಡ್ಡವರೂ ಮಹಾಕಾದಂಬರಿಗೆ ಚಿಕ್ಕವರೂ ಆಗಿರುವ ಮಕ್ಕಳು ಆ ಜಾಗದಲ್ಲಿ ಇಂಗ್ಲಿಷ್ ಪುಸ್ತಕಗಳನ್ನೋ ಮೊಬೈಲನ್ನೋ ಹಿಡಿಯುತ್ತಾರೆ. ಇಂಗ್ಲಿಷಿನಲ್ಲಿ ಓದುವುದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಕಲೇಶಪುರದ ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದ ಹುಡುಗಿ, ಅರಸೀಕೆರೆಯ ತೆಂಗಿನ ತೋಟ ಒಣಗಿದ ವರ್ಷ ಊರು ಬಿಟ್ಟ ಹುಡುಗ, ಬೇಲೂರಿನಲ್ಲಿ ಪ್ರವಾಸಿಗರಿಗೆ ಎಳನೀರು ಮಾರುತ್ತ ಹತ್ತನೆಯ ತರಗತಿ ಓದುವವನು, ಇವರಲ್ಲಿ ಯಾರೂ ತಮ್ಮ ವಯಸ್ಸಿನ, ತಮ್ಮ ಮಾತಿನ ನಾಯಕನನ್ನು ಕನ್ನಡದ ಪುಟದಲ್ಲಿ ಸುಲಭವಾಗಿ ಕಾಣುವುದಿಲ್ಲ. ಪ್ರಕಾಶಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬರೆಯುವವರೂ ಅಷ್ಟೇ, ನೀತಿ ಹೇಳುವ ಹಿರಿಯರ ದನಿಯನ್ನು ಪಕ್ಕಕ್ಕಿಟ್ಟು, ಆ ವಯಸ್ಸಿನವರಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಅವರು ಹೇಗೆ ಊಹಿಸುತ್ತಾರೆ ಎಂಬುದರಿಂದ ಕಥೆ ಕಟ್ಟಬೇಕು.

ತಮ್ಮ ಪುರವಣಿಯ ಸಂಪಾದಕರಲ್ಲಿ ನನ್ನ ವಿನಂತಿ ಇದು. ಪಾತ್ರ, ವಸ್ತು, ತಂತ್ರ ಎಂಬ ಸಿದ್ಧ ಟಿಪ್ಪಣಿಯ ಬದಲು, ಕಾದಂಬರಿಯ ಯಾವುದಾದರೂ ಒಂದು ಸನ್ನಿವೇಶವನ್ನು ನಾಲ್ಕಾರು ಸಾಲಿನಲ್ಲಿ ವಿವರಿಸಿ, ಅದರ ಕೆಳಗೆ ಒಂದೇ ಒಂದು ಪ್ರಶ್ನೆಯನ್ನು ಕೊಡಲಿ: ಇದನ್ನು ಯಾರು ನೋಡುತ್ತಿದ್ದಾರೆ, ಬೇರೆ ಯಾರಾದರೂ ನೋಡಿದ್ದರೆ ಏನು ಬದಲಾಗುತ್ತಿತ್ತು? ಮಕ್ಕಳು ಬರೆದು ಕಳಿಸಿದ ಉತ್ತರಗಳಲ್ಲಿ ಒಂದಕ್ಕೊಂದು ವಿರುದ್ಧವಾದವುಗಳನ್ನೇ ಆರಿಸಿ, ತಿದ್ದದೆ ಪ್ರಕಟಿಸಲಿ. ಪ್ರಶ್ನೆಪತ್ರಿಕೆ ತಯಾರಿಸುವ ನನ್ನ ಸಹೋದ್ಯೋಗಿಗಳು ‘ಪಾತ್ರಚಿತ್ರಣ ಮಾಡಿ’ ಎಂಬುದರ ಜಾಗದಲ್ಲಿ ‘ಈ ಸನ್ನಿವೇಶವನ್ನು ರಾಜಂ ಹೇಳಿದಂತೆ ಬರೆಯಿರಿ’ ಎಂಬ ಬಗೆಯ ಪ್ರಶ್ನೆಯನ್ನು ಒಂದು ವರ್ಷ ಕೇಳಿ ನೋಡಲಿ; ಅದಕ್ಕೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ, ಮೌಲ್ಯಮಾಪನ ತುಸು ಕಷ್ಟವಾಗುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಪುಸ್ತಕವನ್ನು ಓದಿದ ಮಗು ಯಾವುದು ಎಂಬುದು ಮೊದಲ ವಾಕ್ಯದಲ್ಲೇ ತಿಳಿದುಬಿಡುತ್ತದೆ.

ಇಂಥ ಪುಟವನ್ನು ತಾವು ಆರಂಭಿಸಿದರೆ ಮೊದಲ ಕಂತಿಗೆ ರೈಲು ನಿಲ್ದಾಣದ ಸನ್ನಿವೇಶವನ್ನೇ ಆರಿಸಿಕೊಳ್ಳಬೇಕೆಂದು ನಮ್ಮ ಬಳಗದ ಮಕ್ಕಳು ಕೇಳಿಕೊಂಡಿದ್ದಾರೆ. ಮಣಿ ಸುಳ್ಳು ಹೇಳಿದನೆನ್ನುವವರೂ ಹೇಳಲಿಲ್ಲವೆನ್ನುವವರೂ ತಮ್ಮ ತಮ್ಮ ವಾದಗಳನ್ನು ಈಗಾಗಲೇ ಬರೆದಿಟ್ಟುಕೊಂಡಿದ್ದಾರೆ. ತಾವು ತಿಳಿಸಿದ ಕೂಡಲೇ ಕಳಿಸಿಕೊಡುತ್ತೇವೆ.

ವಂದನೆಗಳೊಂದಿಗೆ,

ನಿವೃತ್ತ ಕನ್ನಡ ಉಪನ್ಯಾಸಕ,
ಹಾಸನ